ಪ್ಲಗ್ ಮೇಲಿನ ಕೈ

ಪಂಡಿತರು ಮೈಕಿನ ಮುಂದೆ ನಿಂತು ಆ ಕತೆ ಹೇಳುತ್ತಿದ್ದರು. ಬಸವನಗುಡಿಯ ಒಂದು ಹೈಸ್ಕೂಲಿನ ಸಭಾಂಗಣ, ಭಾನುವಾರದ ಬೆಳಿಗ್ಗೆ. ಮೇಡಂ ತೀರಿಹೋಗಿ ಇನ್ನೂ ತಿಂಗಳಾಗಿರಲಿಲ್ಲ. ವೇದಿಕೆಯ ಮೇಲೊಂದು ಕುರ್ಚಿ, ಕುರ್ಚಿಯಲ್ಲಿ ಅವರ ಫೋಟೋ, ಫೋಟೋಕ್ಕೆ ಸುಗಂಧರಾಜದ ಹಾರ. ಹಾರ ಅಳತೆ ಮೀರಿ ದಪ್ಪವಾಗಿತ್ತು. ಕನ್ನಡಕದಿಂದ ಕೆಳಗೆ ಮುಖ ಕಾಣುತ್ತಿರಲಿಲ್ಲ.

"ಅಷ್ಟು ದೊಡ್ಡ ಸಾಹೇಬ್ರು ಮುಂದಿನ ಸಾಲಲ್ಲಿ ಕೂತಿದಾರೆ. ಪರದೆ ಮೇಲೆ ಚಿತ್ರ ಬರ್ತಿದೆ. ಮೇಡಂ ಏನ್ ಮಾಡಿದ್ರು? ಸೀದಾ ಹೋಗಿ ಪ್ಲಗ್ ಕಿತ್ತುಬಿಟ್ರು. ಪೂರ್ತಿ ಕತ್ತಲು. ಈಗ ಪಾಠ ಮಾಡಿ ಮೇಷ್ಟ್ರೇ ಅಂದ್ರು. ಇಗೋ ಇಲ್ಲೇ ಮೂರನೇ ಸಾಲಲ್ಲಿದಾರಲ್ಲ, ಇವರು ಯಂತ್ರ ಇಲ್ದೆ ಪಾಠ ಮುಗಿಸಿದ್ರು. ಸಾಹೇಬ್ರು ಎದ್ದು ನಿಂತು ಚಪ್ಪಾಳೆ ತಟ್ಟಿದ್ರು."

ಮೂರನೇ ಸಾಲಿನಲ್ಲಿದ್ದವನು ನಾನು. ಸಭೆ ನನ್ನ ಕಡೆ ತಿರುಗಿತು. ಮೇಡಂ ಅವರ ತಂಗಿಯೂ ತಿರುಗಿ, ಕಣ್ಣೊರೆಸಿಕೊಂಡು, ನನ್ನನ್ನು ನೋಡಿ ನಕ್ಕರು. ಪಂಡಿತರ ನಂತರ ಮಾತಾಡಬೇಕಾದವನೂ ನಾನೇ.

ಈ ಕತೆಯನ್ನು ನಾನು ಮೊದಲೂ ಕೇಳಿದ್ದೆ. ಬಸ್‌ಸ್ಟಾಪಿನಲ್ಲಿ, ಉತ್ತರಪತ್ರಿಕೆ ತಿದ್ದುವ ಕ್ಯಾಂಪಿನಲ್ಲಿ, ಯಾರದೋ ಮಗಳ ಮದುವೆಯ ಪಂಕ್ತಿಯಲ್ಲಿ. ಪ್ರತಿಸಲವೂ ಕತ್ತಲು ಸ್ವಲ್ಪ ಜಾಸ್ತಿಯಾಗುತ್ತಿತ್ತು, ಚಪ್ಪಾಳೆ ಸ್ವಲ್ಪ ದೊಡ್ಡದಾಗುತ್ತಿತ್ತು. ಕತೆಯಲ್ಲಿ ಇರುವುದು ಒಂದೇ ತೊಂದರೆ. ಮೇಡಂ ಅವತ್ತು ಪ್ಲಗ್ ಕೀಳಲಿಲ್ಲ.

ಪಂಡಿತರು ಮಾತು ಮುಗಿಸುವಷ್ಟರಲ್ಲಿ ನನಗೆ ತೀರ್ಮಾನವಾಗಬೇಕಿತ್ತು. ಹೇಳುವುದೋ, ಬಿಡುವುದೋ.

*

ಮೇಡಂ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಪಂಡಿತರ ಕತೆಯ ಮೇಡಂ ಎದ್ದು ಬಂದು ಈ ಪುಟದಲ್ಲೂ ಕೂತುಬಿಡುತ್ತಾರೆ.

ಎಪ್ಪತ್ತರ ದಶಕದ ನಡುವೆ ಇರಬೇಕು. ಶಾಲೆಗಳಿಗೆ ಫಿಲ್ಮ್‌ಸ್ಟ್ರಿಪ್ ಪ್ರೊಜೆಕ್ಟರು, ಟೇಪ್ ರೆಕಾರ್ಡರು ಹಂಚುವ ಯೋಜನೆಯೊಂದು ಬಂದಿತ್ತು. ಫಿಲ್ಮ್‌ಸ್ಟ್ರಿಪ್ ಅಂದರೆ ಸಿನಿಮಾ ಅಲ್ಲ. ಒಂದು ಪಟ್ಟಿಯಲ್ಲಿ ಸಾಲಾಗಿ ನಿಂತ ಚಿತ್ರಗಳು. ಯಂತ್ರದ ಪಕ್ಕದಲ್ಲಿರುವ ಗುಂಡನೆಯ ಗುಬ್ಬಿ ತಿರುಗಿಸಿದರೆ ಪರದೆಯ ಮೇಲೆ ಮುಂದಿನ ಚಿತ್ರ ಬಂದು ಕೂರುತ್ತದೆ. ಹಂಚಿದ ಯಂತ್ರಗಳು ಬಹುಪಾಲು ಹೆಡ್‌ಮಾಸ್ಟರುಗಳ ಬೀರುವಿನಲ್ಲೇ ಉಳಿದವು. ಕೆಟ್ಟರೆ ಮುಟ್ಟಿದವನು ಜವಾಬು ಹೇಳಬೇಕಲ್ಲ, ಹಾಗಾಗಿ ಯಾರೂ ಮುಟ್ಟುತ್ತಿರಲಿಲ್ಲ. ಆ ಹೆದರಿಕೆ ಬಿಡಿಸಲೆಂದು ಚಾಮರಾಜಪೇಟೆಯ ಒಂದು ಹಳೇ ಕಟ್ಟಡದಲ್ಲಿ ಹೈಸ್ಕೂಲು ಮೇಷ್ಟ್ರುಗಳಿಗೆ ಮೂರು ವಾರದ ತರಬೇತಿ ಕೋರ್ಸು ನಡೆಯುತ್ತಿತ್ತು. ಕಲಿಸುತ್ತಿದ್ದವರು ಮೇಡಂ ಒಬ್ಬರೇ.

ನಾನು ಮಲ್ಲೇಶ್ವರದ ಒಂದು ಶಾಲೆಯಲ್ಲಿ ಜೀವಶಾಸ್ತ್ರ ಹೇಳುತ್ತಿದ್ದೆ. ಬೇರೆ ಯಾರೂ ಒಪ್ಪದ್ದರಿಂದ ನನ್ನನ್ನು ಕಳಿಸಿದರು. ಪಂಡಿತರು ಕಾಟನ್‌ಪೇಟೆಯ ಶಾಲೆಯೊಂದರ ಕನ್ನಡ ಮೇಷ್ಟ್ರು. ಮೂರು ವಾರ ಇವರು ಸ್ಟಾಫ್ ರೂಮಿನಲ್ಲಿ ಇಲ್ಲದಿದ್ದರೆ ಸಾಕು ಎಂದು ಅವರ ಹೆಡ್‌ಮಾಸ್ಟರು ಕಳಿಸಿದ್ದಾರೆಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಮೇಡಂ ನೋಡಲು ಹೇಗಿದ್ದರು? ಸಣಕಲು ಎಂದು ಬರೆಯಲು ಹೊರಟೆ. ಆದರೆ ಪ್ರೊಜೆಕ್ಟರನ್ನು ಕಂಕುಳಲ್ಲಿ ಎತ್ತಿಕೊಂಡು ತ್ಯಾಗರಾಜನಗರದಿಂದ ಬಸ್ಸು ಹತ್ತಿ ಬರುತ್ತಿದ್ದವರು ಸಣಕಲು ಇರಲಾರರು. ಸೀರೆಗಳ ಬಣ್ಣ ನೆನಪಿಲ್ಲ. ನೆನಪಿದೆ ಎಂದುಕೊಂಡದ್ದು ನನ್ನ ಅಕ್ಕನ ಸೀರೆಗಳ ಬಣ್ಣ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಬಿಸಿ ಬಲ್ಬು ಬದಲಿಸುವಾಗ ಸುಟ್ಟುಕೊಂಡ ಕಲೆಯೊಂದಿತ್ತು. ಇದು ಖಂಡಿತ. ಆ ಮೂರು ವಾರ ನಾವೆಲ್ಲ ನೋಡುತ್ತಿದ್ದುದು ಆ ಕೈಯನ್ನೇ.

ಶಾಲೆಗಳಿಗೆ ಹೋಗುವಾಗ ಯಂತ್ರವನ್ನು ಹಳೇ ಹತ್ತಿ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಒಮ್ಮೆ ನಾನು ಪಕ್ಕದಲ್ಲೇ ಇದ್ದೆ. ಕಂಡಕ್ಟರ್ ಬಗ್ಗಿ ನೋಡಿ, "ಏನಮ್ಮಾ ಅದು, ಕೂಸಾ?" ಎಂದ.

"ಹೂಂ ಕಣಪ್ಪ. ಬಿದ್ರೆ ಅಳಲ್ಲ, ಅಷ್ಟೇ ವ್ಯತ್ಯಾಸ."

ಮಳೆಗಾಲದಲ್ಲಿ ಫಿಲ್ಮಿನ ಮೇಲೆ ಬೂಷ್ಟು ಹಿಡಿಯುತ್ತದೆಂದು ಸುರುಳಿಗಳನ್ನು ಮನೆಯ ಅಕ್ಕಿ ಡಬ್ಬಿಯೊಳಗೆ ಹೂತಿಡುತ್ತಿದ್ದರು. ಅವರ ಅತ್ತೆ ಗೊತ್ತಿಲ್ಲದೆ ಅಕ್ಕಿಯ ಜೊತೆ ಸುರುಳಿಯನ್ನೂ ಅಳೆದು ಹಾಕಿದ್ದರಂತೆ. ಒಂದು ದಿನ ಅನ್ನದ ಪಾತ್ರೆಯಲ್ಲಿ ಸೌರಮಂಡಲ ಬೆಂದುಹೋಗಿತ್ತು ಎಂದು ಹೇಳಿದ್ದರು. ನಿಜವೋ, ಹೊಸಬರನ್ನು ನಗಿಸಲು ಹೇಳಿದ್ದೋ ಗೊತ್ತಿಲ್ಲ. ಅವರು ನಗಿಸುತ್ತಿದ್ದುದು ಮೊದಲ ದಿನ ಮಾತ್ರ.

ಎರಡನೇ ದಿನ ಪ್ಲಗ್ ಕಿತ್ತರು.

ನನ್ನ ಸರದಿ. ಮಿಕ್ಕ ಮೇಷ್ಟ್ರುಗಳೇ ವಿದ್ಯಾರ್ಥಿಗಳಾಗಿ ಬೆಂಚುಗಳಲ್ಲಿ ಕೂತಿದ್ದರು. ಪಾಠ ರಕ್ತಪರಿಚಲನೆ. ಕಿಟಕಿಗಳಿಗೆ ಕಪ್ಪು ಬಟ್ಟೆ, ಪ್ರೊಜೆಕ್ಟರಿನ ಫ್ಯಾನಿನ ಗೊರಗೊರ, ಬಿಸಿ ಧೂಳಿನ ವಾಸನೆ. ಪರದೆಯ ಮೇಲೆ ಹೃದಯದ ಚಿತ್ರ ಬಂತು, ಒಂದು ಪಕ್ಕ ಕೆಂಪು, ಒಂದು ಪಕ್ಕ ನೀಲಿ. ಬಾಯಿ ತೆರೆದೆ. ಚಿತ್ರ ಮಾಯವಾಯಿತು. ಫ್ಯಾನಿನ ಸದ್ದು ಇಳಿದು ಇಳಿದು ನಿಂತಿತು. ಕತ್ತಲಲ್ಲಿ ಬಾಗಿಲ ಪಕ್ಕದಿಂದ ಮೇಡಂ ದನಿ ಬಂತು: "ಕರೆಂಟ್ ಹೋಯ್ತು. ಮುಂದಕ್ಕೆ ಹೇಳಿ, ಮೇಷ್ಟ್ರೇ."

ನಾನು ಪರದೆ ಇದ್ದ ಕಡೆಗೇ ನೋಡುತ್ತಿದ್ದೆ.

"ಹೃದಯ ನಿಂತೋಯ್ತಾ?"

ಬೆಂಚುಗಳು ನಕ್ಕವು. ಅವರು ನಗಲಿಲ್ಲ. ಕಿಟಕಿಯೊಂದರ ಬಟ್ಟೆ ಸರಿಸಿ, "ಬೆಳಕಿದೆ. ಬೋರ್ಡಿದೆ. ನೀವಿದೀರಿ. ಮಕ್ಕಳು ಕಾಯ್ತಿದಾರೆ" ಎಂದರು. ಸೀಮೆಸುಣ್ಣಕ್ಕೆ ಕೈ ಹಾಕಿದರೆ ಇರಲಿಲ್ಲ; ಎಲ್ಲಿಟ್ಟಿದ್ದೆನೋ. ಹುಡುಕಿದೆ. ಎಷ್ಟು ಹೊತ್ತು ಹುಡುಕಿದೆನೋ ಗೊತ್ತಿಲ್ಲ. ಆ ಹೊತ್ತು ಈಗಲೂ ಮುಗಿದಿಲ್ಲ ಅನ್ನಿಸುವುದುಂಟು.

ಅವತ್ತಿನಿಂದ ನಿಯಮವಾಯಿತು. ಬಲಗೈ ಯಂತ್ರದ ಮೇಲೆ, ಎಡಗೈಯಲ್ಲಿ ಸೀಮೆಸುಣ್ಣ. ಯಂತ್ರ ಚಾಲೂ ಇರುವಷ್ಟು ಹೊತ್ತೂ ಸೀಮೆಸುಣ್ಣ ಕೆಳಗಿಡುವಂತಿಲ್ಲ. ಸೀಮೆಸುಣ್ಣ ಹಿಡಿದ ಕೈ ಬೆವರುತ್ತಿತ್ತು, ಸುಣ್ಣ ಮೆತ್ತಗಾಗುತ್ತಿತ್ತು, ಮನೆಗೆ ಹೋಗುವಾಗ ಎಡ ಅಂಗೈ ಬೆಳ್ಳಗಿರುತ್ತಿತ್ತು. ದಿನವೂ ಕೀಳುತ್ತಿರಲಿಲ್ಲ, ಅದೇ ಕಷ್ಟ. ಒಂದು ಪಾಠದಲ್ಲಿ ಎರಡು ಸಲ ಕಿತ್ತದ್ದುಂಟು. ಎರಡು ದಿನ ಮುಟ್ಟದೆ ಇದ್ದದ್ದೂ ಉಂಟು. ಯಾವಾಗ ಎಂದು ತಿಳಿಯದು. ಪಾಠ ಹೇಳುವವನ ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಬಾಗಿಲ ಪಕ್ಕದ ಮರದ ಸ್ವಿಚ್‌ಬೋರ್ಡಿನ ಮೇಲೆ. ಅಲ್ಲಿ, ಪ್ಲಗ್ಗಿನ ಮೇಲೆ ಕೈ ಇಟ್ಟುಕೊಂಡು, ಯಾರದೋ ಭುಜದ ಮೇಲೆ ಕೈ ಇಟ್ಟ ಹಾಗೆ ಮೇಡಂ ನಿಂತಿರುತ್ತಿದ್ದರು. ಇಬ್ಬರು ಮೇಷ್ಟ್ರುಗಳು ಜ್ವರ ಎಂದು ಹೇಳಿ ಕೋರ್ಸು ಬಿಟ್ಟುಹೋದರು.

ಪಂಡಿತರ ಕಷ್ಟ ಬೇರೆ. ಅವರಿಗೆ ವಿದ್ಯುತ್ತೆಂದರೇ ಭಯ. ಶಲ್ಯದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಗುಂಡಿ ಒತ್ತುತ್ತಿದ್ದರು.

"ಪಂಡಿತರೇ, ಅದು ಹಾವಲ್ಲ."

"ಹಾವಾದ್ರೆ ಕಚ್ಚೋಕೆ ಮುಂಚೆ ಬುಸ್ ಅನ್ನುತ್ತೆ, ಮೇಡಂ. ಇದು ಏನೂ ಅನ್ನಲ್ಲವಲ್ಲ."

ಆದರೆ ಪ್ಲಗ್ ಕಿತ್ತಾಗ ಎಲ್ಲರಿಗಿಂತ ನಿರಾಳವಾಗಿ ಇರುತ್ತಿದ್ದವರು ಅವರೇ. ಯಂತ್ರ ಸತ್ತೊಡನೆ ಅವರಿಗೆ ಜೀವ ಬರುತ್ತಿತ್ತು. ಅದಕ್ಕೆ ಪಂಡಿತರಿಗೆ ಮಾತ್ರ ಮೇಡಂ ಉಲ್ಟಾ ಮಾಡುತ್ತಿದ್ದರು. ಮಾತು ಹರಿಯುತ್ತಿರುವಾಗ ಪ್ಲಗ್ ಹಾಕಿ, "ಕರೆಂಟ್ ಬಂತು, ಚಿತ್ರ ತೋರ್ಸಿ" ಎನ್ನುತ್ತಿದ್ದರು. ಪಂಡಿತರು ಶಲ್ಯ ಹುಡುಕುತ್ತಿದ್ದರು.

ಇದೆಲ್ಲ ಯಾಕೆ ಎಂದು ಒಮ್ಮೆ ಊಟದ ಬಿಡುವಿನಲ್ಲಿ ಕೇಳಿದೆ. ಅವರು ಹೇಳಿದ್ದು ಇಷ್ಟು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮೊದಲ ಸಲ ಯಂತ್ರ ಇಟ್ಟು ಪಾಠ ಶುರು ಮಾಡಿದರಂತೆ. ಕರೆಂಟು ಹೋಯಿತು. "ಈಗ ಬರುತ್ತೆ, ಈಗ ಬರುತ್ತೆ ಅಂತ ಕೂತ್ವಿ. ನಾನೂ ಮಕ್ಕಳೂ. ಬೆಲ್ ಹೊಡೀತು. ಅವತ್ತು ನನಗೆ ಆ ಪಾಠ ಬರ್ತಿರ್ಲಿಲ್ಲ, ಮೇಷ್ಟ್ರೇ. ಯಂತ್ರಕ್ಕೆ ಬರುತ್ತೆ ಅಂದ್ಕೊಂಡು ನಾನು ಓದಿರ್ಲಿಲ್ಲ." ಡಬ್ಬಿ ಮುಚ್ಚಿ ಎದ್ದರು. ಪಂಡಿತರ ಪ್ರಕಾರ ಅದು ಹೆಣ್ಣುಮಕ್ಕಳ ಶಾಲೆಯಲ್ಲ, ಹುಡುಗರ ಶಾಲೆ. ನಾನು ವಾದಿಸುವುದಿಲ್ಲ. ಮೇಡಂ ಕಣ್ಣೆತ್ತದೆ ಹೇಳಿದ ರೀತಿ ಮಾತ್ರ ನನಗೆ ಸಾಕಾಗಿದೆ.

*

ಕೋರ್ಸಿನ ಕೊನೆಯ ವಾರ, ಇಲಾಖೆಯ ದೊಡ್ಡ ಸಾಹೇಬರು ನೋಡಲು ಬರುತ್ತಾರೆಂದಾಯಿತು. ಆ ಕೇಂದ್ರಕ್ಕೊಬ್ಬ ಪ್ರಿನ್ಸಿಪಾಲರಿದ್ದರು. ಒಳ್ಳೆಯವರು, ಸದಾ ಕಳವಳದಲ್ಲಿರುವವರು, ಮಾತಾಡುವಾಗ ಶರ್ಟಿನ ಮೇಲಿನ ಗುಂಡಿ ಹಾಕಿ ತೆಗೆದು ಮಾಡುತ್ತಿದ್ದರು. ಕೋರ್ಸು ಶುರುವಾಗುವಂತೆ ಕಚೇರಿಯಿಂದ ಕಚೇರಿಗೆ ಅಲೆದವರು ಅವರೇ. ಸಾಹೇಬರ ಮುಂದೆ ಒಂದು ಮಾದರಿ ಪಾಠ ಆಗಬೇಕು; ಅದು ನನ್ನದು, ರಕ್ತಪರಿಚಲನೆ. ಹಿಂದಿನ ದಿನ ಸಂಜೆ ಸುರುಳಿ ವಾಪಸ್ ಕೊಡಲು ಹೋದಾಗ ಪ್ರಿನ್ಸಿಪಾಲರ ಕೋಣೆಯ ಬಾಗಿಲು ತೆರೆದಿತ್ತು. ಮೇಡಂ ನಿಂತಿದ್ದರು. ನನ್ನನ್ನು ನೋಡಿಯೂ ಇಬ್ಬರೂ ಮಾತು ನಿಲ್ಲಿಸಲಿಲ್ಲ.

"ನಾಳೆ ನಿಮ್ಮ ಆಟ ಬೇಡ, ಮೇಡಂ."

"ಯಾವ ಆಟ, ಸಾರ್?"

"ಗೊತ್ತಿದೆಯಲ್ಲ. ಆ ಪ್ಲಗ್ಗು."

"ಅದು ಆಟ ಅಲ್ಲ ಸಾರ್. ಈ ಕೋರ್ಸಲ್ಲಿ ನಾನು ಹೇಳ್ಕೊಡೋದೇ ಅದನ್ನ. ಗುಬ್ಬಿ ತಿರುಗ್ಸೋದನ್ನ ಯಾರ್ ಬೇಕಾದ್ರೂ ಹೇಳ್ಕೊಡ್ತಾರೆ."

ಪ್ರಿನ್ಸಿಪಾಲರು ಗುಂಡಿ ತೆಗೆದರು. "ಸಾಹೇಬ್ರಿಗೆ ಹಿಡಿಸಿದ್ರೆ ಕೋರ್ಸ್ ಉಳಿಯುತ್ತೆ. ಇಲ್ದಿದ್ರೆ ಮುಚ್ತಾರೆ. ನೇರವಾಗೇ ಹೇಳಿದಾರೆ. ಯಂತ್ರಗಳು ಉಗ್ರಾಣಕ್ಕೆ, ನೀವು ವಾಪಸ್ ಯಾವ್ದೋ ಸ್ಕೂಲಿಗೆ. ನಾಳೆ ಒಂದು ದಿನ ಎಲ್ಲ ಸಲೀಸಾಗಿ ನಡೀಲಿ. ಅಷ್ಟೇ ನಾನು ಕೇಳೋದು."

ಗುಂಡಿ ಹಾಕಿಕೊಂಡು ಪ್ರಿನ್ಸಿಪಾಲರು ಮುಂದುವರಿಸಿದರು. ಪಾಠದ ಮಾತು ನನ್ನ ಬಾಯಿಂದ ಬರುವುದು ಬೇಡ. ಚಿತ್ರಗಳ ಜೊತೆ ಬಂದ ಟೇಪು ಹಾಕಬೇಕು. ಟೇಪಿನಲ್ಲಿ ಒಂದು ಗಂಭೀರ ದನಿ ವಿವರಣೆ ಹೇಳುತ್ತದೆ, ಚಿತ್ರ ಬದಲಾಗಬೇಕಾದಾಗ ಟಿಂಗ್ ಎನ್ನುತ್ತದೆ. ಟಿಂಗ್ ಎಂದಾಗ ನಾನು ಗುಬ್ಬಿ ತಿರುಗಿಸುವುದು. ಟೇಪಿನ ಹತ್ತಿರ ಪಂಡಿತರನ್ನು ಕೂರಿಸುವುದು. ಕರೆಂಟು ತೆಗೆಯಬಾರದೆಂದು ವಿದ್ಯುತ್ ಕಚೇರಿಗೂ ಫೋನು ಮಾಡಿಯಾಗಿತ್ತು. "ಮತ್ತೆ ಆ ಚಾಕ್‌ಪೀಸು ಹಿಡ್ಕೊಂಡು ನಿಲ್ಬೇಡಿ ಮೇಷ್ಟ್ರೇ. ಹೊಸ ವಿಧಾನ ನೋಡೋಕೆ ಬರ್ತಿರೋರ ಮುಂದೆ ಚೆನ್ನಾಗಿರಲ್ಲ."

ಮೆಟ್ಟಿಲಿಳಿಯುವಾಗ ಮೇಡಂ ಅವರನ್ನು ಕೇಳಿದೆ, "ನಾಳೆ ಏನ್ ಮಾಡ್ತೀರಿ?"

"ನೀವು ಪಾಠ ಓದ್ಕೊಂಡು ಬನ್ನಿ" ಎಂದರು. ಅದು ಉತ್ತರವೋ ಅಲ್ಲವೋ ಎಂದು ಮನೆ ಮುಟ್ಟುವ ತನಕ ಯೋಚಿಸಿದೆ.

*

ಪಕ್ಕದ ಶಾಲೆಯಿಂದ ಎಂಟನೇ ತರಗತಿಯ ಹುಡುಗಿಯರನ್ನು ಸಾಲಾಗಿ ಕರೆತಂದರು. ಸಾಹೇಬರು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಪ್ರಿನ್ಸಿಪಾಲರು. ಕರಿಹಲಗೆಯ ಮೇಲೆ ಬಿಳಿ ಬಟ್ಟೆ ಬಿಗಿದು ಪರದೆ ಮಾಡಿದ್ದರು, ಬರೆಯಬೇಕೆಂದರೂ ಬರೆಯುವಂತಿರಲಿಲ್ಲ. ನಾನು ಕೋಣೆಯ ನಡುವೆ ಪ್ರೊಜೆಕ್ಟರಿನ ಹತ್ತಿರ. ಪಂಡಿತರು ಆಚೆ ಮೂಲೆಯಲ್ಲಿ ಟೇಪ್ ರೆಕಾರ್ಡರಿನ ಮುಂದೆ, ಬೆರಳಿಗೆ ಶಲ್ಯ ಸುತ್ತಿಕೊಂಡು. ಎರಡೂ ಯಂತ್ರಗಳ ವಯರು ಸೇರುತ್ತಿದ್ದುದು ಬಾಗಿಲ ಪಕ್ಕದ ಆ ಒಂದೇ ಪ್ಲಗ್ಗಿಗೆ. ಅಲ್ಲಿ ಮೇಡಂ.

ಕಿಟಕಿಗಳನ್ನು ಮುಚ್ಚಿದರು. ಟೇಪು ಶುರುವಾಯಿತು. ಟಿಂಗ್. ತಿರುಗಿಸಿದೆ. ಟಿಂಗ್. ತಿರುಗಿಸಿದೆ. ಪ್ರೊಜೆಕ್ಟರಿನ ಸೀಳಿನಿಂದ ಸೋರುವ ಬೆಳಕು ಬಾಗಿಲ ತನಕ ಹೋಗುತ್ತಿತ್ತು. ಮೇಡಂ ಮುಖ ಕಾಣದಿದ್ದರೂ ಕೈ ಕಾಣುತ್ತಿತ್ತು. ಕೈ ಪ್ಲಗ್ಗಿನ ಮೇಲಿತ್ತು. ಹಿಂದಿನ ಬೆಂಚಿನ ಮೇಷ್ಟ್ರುಗಳು ಯಾರೂ ಪರದೆ ನೋಡುತ್ತಿರಲಿಲ್ಲ. ಪ್ರಿನ್ಸಿಪಾಲರು ಎರಡು ಸಲ ಕುತ್ತಿಗೆ ತಿರುಗಿಸಿ ನೋಡಿದರು.

ಹೃದಯದ ಚಿತ್ರ ಬಂತು. ನನ್ನ ಎಡಗೈ ತಾನಾಗಿಯೇ ಮುಚ್ಚಿಕೊಂಡಿತು. ಒಳಗೆ ಏನೂ ಇರಲಿಲ್ಲ.

ಟೇಪಿನ ದನಿ ಹೇಳುತ್ತಿತ್ತು: ರಕ್ತವು ಕಾಲಿನ ತುದಿಯವರೆಗೂ ಹರಿದು ಮತ್ತೆ ಹೃದಯಕ್ಕೆ ಮರಳುತ್ತದೆ. ಆಗ ನಡುವಿನ ಸಾಲಿನಿಂದ ಒಬ್ಬಳು ಹುಡುಗಿ ಕೈ ಎತ್ತಿದಳು. ಎತ್ತಿದ ಕೈ ಬೆಳಕಿಗೆ ಅಡ್ಡ ಬಂದು, ಪರದೆಯ ಹೃದಯದ ಮೇಲೆ ಅದರ ನೆರಳು ಬಿತ್ತು, ಐದೂ ಬೆರಳು.

"ಸಾರ್, ಕಾಲಿಗೆ ಇಳಿದಿದ್ದು ಮೇಲಕ್ಕೆ ಹೇಗೆ ಹತ್ತುತ್ತೆ?"

ಒಳ್ಳೆಯ ಪ್ರಶ್ನೆ. ನನಗೆ ಉತ್ತರ ಗೊತ್ತಿತ್ತು. ಟೇಪು ಮಾತಾಡುತ್ತಲೇ ಇತ್ತು. ನಾನು ಪಂಡಿತರ ಕಡೆ ನೋಡಿದೆ. ಪಂಡಿತರು ಪ್ರಿನ್ಸಿಪಾಲರ ಕಡೆ ನೋಡಿದರು. ಪ್ರಿನ್ಸಿಪಾಲರು ಹುಡುಗಿಯ ಕಡೆ ತಿರುಗಿ, ಕೈ ಇಳಿಸು ಎಂದು ಅಂಗೈ ಆಡಿಸಿದರು. ಪಂಡಿತರ ಶಲ್ಯ ಸುತ್ತಿದ ಬೆರಳು ಟೇಪು ನಿಲ್ಲಿಸುವ ಗುಂಡಿಯ ಮೇಲೆ ಬಂದು ಅಲ್ಲೇ ನಿಂತಿತು, ಒತ್ತಲಿಲ್ಲ. ನಾನು ಬಾಗಿಲ ಕಡೆ ನೋಡಿದೆ. ಕೈ ಬಿಗಿಯಾಯಿತು. ಮಣಿಕಟ್ಟಿನ ನರ ಎದ್ದದ್ದು ಅಷ್ಟು ದೂರದಿಂದ ಕಂಡಿತು ಎಂದರೆ ನಂಬಲಾಗುವುದಿಲ್ಲ, ಆದರೂ ಕಂಡಿತು ಎಂದೇ ನನ್ನ ನೆನಪು. ಮೇಡಂ ತಲೆ ನನ್ನ ಕಡೆ, ನನ್ನ ಎಡಗೈಯ ಕಡೆ ತಿರುಗಿತು. ಹಾಗೆಂದು ಅಂದುಕೊಂಡೆ.

ಟಿಂಗ್.

ಕೈ ಸಡಿಲಾಯಿತು. ನಾನು ಗುಬ್ಬಿ ತಿರುಗಿಸಿದೆ. ಹೃದಯ ಹೋಗಿ ಶ್ವಾಸಕೋಶ ಬಂತು. ಹುಡುಗಿ ಕೈ ಇಳಿಸಿದಳು.

ಪಾಠ ಒಂದೂ ತಪ್ಪಿಲ್ಲದೆ ಮುಗಿಯಿತು. ಕಿಟಕಿ ತೆರೆದರು. ಹುಡುಗಿಯರನ್ನು ಕಳಿಸಿದರು. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ನಿಜ. ಪಂಡಿತರ ಕತೆಯಲ್ಲಿ ಅದೊಂದು ನಿಜ.

"ಬಹಳ ಚೆನ್ನಾಗಿದೆ" ಎಂದರು. ಸಜ್ಜನರು. ಮನಸಾರೆ ಹೇಳಿದರು. "ಇಷ್ಟು ಸುಲಭ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಮಾತು ಟೇಪಲ್ಲಿದೆ, ಚಿತ್ರ ಪಟ್ಟೀಲಿದೆ. ಮೇಷ್ಟ್ರು ಗುಬ್ಬಿ ತಿರುಗಿಸಿದ್ರೆ ಆಯ್ತು. ಇದಕ್ಕೆ ಮೂರು ವಾರ ಸ್ಕೂಲು ಬಿಡಿಸಿ ಕೂರಿಸ್ಬೇಕಾ ಪ್ರಿನ್ಸಿಪಾಲ್‌ರೇ? ಒಂದು ಮಧ್ಯಾಹ್ನ ಸಾಕಲ್ವಾ?"

ಪ್ರಿನ್ಸಿಪಾಲರ ಮುಖದ ಮೇಲಿನ ನಗು ಹಾಗೇ ಇತ್ತು. ಅದನ್ನು ತೆಗೆಯುವುದು ಅವರಿಗೆ ಹೊಳೆಯಲಿಲ್ಲ. ಮೇಡಂ ಮೊಣಕೈಗೆ ವಯರು ಸುತ್ತುತ್ತಿದ್ದರು. ಸುತ್ತುವುದು ನಿಂತಿತು. ಅರ್ಧ ಸುತ್ತಿದ ವಯರನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು. ಕೋಪ ಎಂದುಕೊಂಡೆ. ಹಿಂದೆ ಹೋದೆ. ಗೇಟಿನ ಹತ್ತಿರ ಹುಡುಗಿಯರ ಸಾಲು ನಿಂತಿತ್ತು. ಮೇಡಂ ಆ ಹುಡುಗಿಯ ಮುಂದೆ ತೋಳು ಚಾಚಿ, ಮುಂಗೈಯ ನೀಲಿ ನರವನ್ನು ಎರಡು ಬೆರಳಿಂದ ಒತ್ತಿ ಸವರುತ್ತಿದ್ದರು. "ನೋಡು, ಇಲ್ಲಿ ಒಳಗೆ ಬಾಗಿಲಿದೆ. ಒಂದೇ ಕಡೆ ತೆರೆಯುತ್ತೆ. ಮೇಲೆ ಹೋದದ್ದನ್ನ ಕೆಳಗೆ ಬಿಡಲ್ಲ. ಎಲ್ಲಿ, ನಿನ್ ಕೈ ಕೊಡು." ಸಾಲಿನಲ್ಲಿದ್ದವರೆಲ್ಲ ತೋಳು ಒತ್ತಿಕೊಂಡು ನೋಡತೊಡಗಿದರು.

ಕೋರ್ಸು ಮುಚ್ಚಿತು. ಆಮೇಲೆ ಒಂದು ಮಧ್ಯಾಹ್ನದ ತರಬೇತಿ ಬಂತು, ಯಂತ್ರದ ಜೊತೆ ಟೇಪು ಬಂತು, ಕರೆಂಟು ಹೋಯಿತು, ಯಂತ್ರಗಳು ಮತ್ತೆ ಬೀರುವಿಗೆ ಹೋದವು. ಮೇಡಂ ಹಲಸೂರು ಕಡೆಯ ಯಾವುದೋ ಶಾಲೆಗೆ ಮರಳಿ ಅಲ್ಲೇ ನಿವೃತ್ತರಾದರು.

*

ಎಷ್ಟೋ ವರ್ಷದ ಮೇಲೆ ಗಾಂಧಿಬಜಾರಿನಲ್ಲಿ ಸಿಕ್ಕರು. ಅವರೇಕಾಯಿ ಆರಿಸುತ್ತಿದ್ದರು. ನಾನು ಅಷ್ಟು ವರ್ಷ ಕಾಪಾಡಿಕೊಂಡು ಬಂದ ನನ್ನದೇ ಕತೆಯೊಂದನ್ನು ಅವರಿಗೆ ಹೇಳಿದೆ: ಅವತ್ತು ನೀವು ಕೀಳುವವರೇ ಇದ್ದಿರಿ, ನನ್ನ ಎಡಗೈಯಲ್ಲಿ ಚಾಕ್‌ಪೀಸ್ ಇಲ್ಲದ್ದನ್ನು ನೋಡಿ, ಇವನು ಸಿಕ್ಕಿಬೀಳುತ್ತಾನೆ ಎಂದು ಬಿಟ್ಟಿರಿ.

ಅವರು ಒಂದು ಕಾಯಿ ಬಿಡಿಸಿ ಮೂಸಿ ನೋಡಿದರು, ಸೊಗಡಿದೆಯೋ ಇಲ್ಲವೋ ಎಂದು.

"ನಿಮ್ ಕೈ ನಾನು ನೋಡ್ಲೇ ಇಲ್ಲ, ಮೇಷ್ಟ್ರೇ. ಹೆದರ್ಕೊಂಡೆ. ಕೋರ್ಸ್ ಹೋಗ್ಬಿಡುತ್ತೆ ಅಂತ ಹೆದರ್ಕೊಂಡೆ."

ನಾನು ಏನೋ ಸಮಾಧಾನ ಹೇಳಲು ಹೋದೆ.

"ಪಂಡಿತರು ಊರೆಲ್ಲ ಬೇರೆ ಥರ ಹೇಳ್ಕೊಂಡ್ ಬರ್ತಿದಾರಂತೆ. ಅದರಲ್ಲಿ ನಾನು ಚೆನ್ನಾಗಿದೀನಿ. ಆದ್ರೆ ಅದು ನಾನಲ್ಲ." ಚೀಲ ಎತ್ತಿಕೊಂಡರು. "ಅದನ್ನ ಕೇಳಿದೋರು ಕೋರ್ಸ್ ಯಾಕೆ ಹೋಯ್ತು ಅಂತ ಕೇಳೋದೇ ಇಲ್ಲ. ಸಾಹೇಬ್ರು ಚಪ್ಪಾಳೆ ತಟ್ಟಿದ್ಮೇಲೆ ಎಲ್ಲ ಸರಿಹೋಯ್ತು ಅಂದ್ಕೋತಾರೆ. ಯಾರಾದ್ರೂ ಕೇಳಿದ್ರೆ ಇದ್ದದ್ದು ಹೇಳಿ."

ಆಮೇಲೆ ಅವರೇಕಾಯಿಯ ರೇಟಿನ ಬಗ್ಗೆ ಮಾತಾಡಿದೆವು.

*

ಪಂಡಿತರು ಮಾತು ಮುಗಿಸಿದರು. ನಿವೃತ್ತರಾಗಿ ವರ್ಷಗಳಾಗಿದ್ದವು, ವೇದಿಕೆಯಿಂದ ಇಳಿಯಲು ಯಾರೋ ತೋಳು ಹಿಡಿದುಕೊಂಡರು. ಚಪ್ಪಾಳೆ ಬಹಳ ಹೊತ್ತು ಇತ್ತು. ತಟ್ಟುತ್ತಿದ್ದವರಲ್ಲಿ ಅರ್ಧ ಜನ ಹೊಸ ಮೇಷ್ಟ್ರುಗಳು, ಟೀಚರುಗಳು. ಅವರ ಶಾಲೆಗಳಿಗೂ, ನನ್ನ ಶಾಲೆಗೂ ಆ ವರ್ಷ ಕಂಪ್ಯೂಟರು ಬಂದಿತ್ತು. ನಮ್ಮಲ್ಲಿ ಅದಕ್ಕೊಂದು ಬೀಗ ಹಾಕಿದ ಕೋಣೆ, ಚಪ್ಪಲಿ ಹೊರಗೆ ಬಿಡಬೇಕು, ಹೊದಿಸಲು ಜರಿಯಂಚಿನ ಬಟ್ಟೆ. ನಮಗೆಲ್ಲ ತರಬೇತಿಯೂ ಆಗಿತ್ತು. ಒಂದು ಮಧ್ಯಾಹ್ನ. ಯಾವ ಗುಂಡಿ ಒತ್ತಬೇಕೆಂದು ತೋರಿಸಿ ಟೀ ಕೊಟ್ಟು ಕಳಿಸಿದ್ದರು.

ನನ್ನನ್ನು ಕರೆದರು. ಮೇಲೆ ಹೋದೆ. ಮೈಕು ನನ್ನ ಎತ್ತರಕ್ಕಿರಲಿಲ್ಲ. ಸರಿಮಾಡಲು ಹೋದರೆ ಕಿರ್ರೆಂದಿತು. ಮೇಡಂ ಅವರ ತಂಗಿ ಮುಂದಿನ ಸಾಲಿನಲ್ಲಿ ಕತ್ತೆತ್ತಿ ನೋಡುತ್ತಿದ್ದರು. ನಾನು ಅದೇ ಕತೆಯ ಮುಂದಿನ ಭಾಗ ಹೇಳುತ್ತೇನೆಂದು ಅವರು ಕಾಯುತ್ತಿದ್ದರು. ಆ ಮುಖ ನೋಡಿದರೆ ಹೇಳುವುದು ಬೇಡ ಅನ್ನಿಸಿತು. ಸತ್ತವರನ್ನು ಸಭೆಯಲ್ಲಿ ನಿಲ್ಲಿಸಿ, ಇವರು ಹೆದರಿದ್ದರು ಎಂದು ಹೇಳುವ ಅಧಿಕಾರ ನನಗೆ ಯಾರು ಕೊಟ್ಟರು? ಅವರೇ ಕೊಟ್ಟಿದ್ದರು, ಅವರೇಕಾಯಿಯ ಗುಡ್ಡೆಯ ಮುಂದೆ. ಅಥವಾ ನಾನು ಹಾಗೆ ನೆನಪಿಟ್ಟುಕೊಂಡಿದ್ದೆ.

"ಮೇಡಂ ಅವತ್ತು ಪ್ಲಗ್ ಕೀಳ್ಲಿಲ್ಲ" ಎಂದೆ.

ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.

"ಕೀಳಬೇಕು ಅಂತಿದ್ರು. ಕೋರ್ಸ್ ಮುಚ್ಚಿಬಿಡ್ತಾರೆ ಅಂತ ಹೆದರಿ ಬಿಟ್ರು. ಪಾಠ ಬಹಳ ಚೆನ್ನಾಗಿ ಆಯ್ತು. ಅದಕ್ಕೇ ಕೋರ್ಸ್ ಮುಚ್ಚಿದ್ರು. ಇದನ್ನ ನನಗೆ ಹೇಳಿದ್ದು ಅವರೇ."

ತಂಗಿಯ ಮುಖದಿಂದ ನಗು ಹೋಗಿತ್ತು. ಅದರ ಜಾಗದಲ್ಲಿ ಬಂದದ್ದು ಏನೆಂದು ನನಗೆ ಓದಲಾಗಲಿಲ್ಲ. ಪಂಡಿತರನ್ನು ಹುಡುಕಿದೆ. ತಲೆ ತಗ್ಗಿಸಿ, ಶಲ್ಯದ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು. ಆ ಟೇಪು ನಿಲ್ಲಿಸುವ ಗುಂಡಿ ಅವರ ಬೆರಳಿನ ಕೆಳಗೇ ಇತ್ತೆಂಬುದು ಆ ಸಭೆಯಲ್ಲಿ ನಮ್ಮಿಬ್ಬರಿಗೇ ಗೊತ್ತು. ಅದನ್ನು ನಾನು ಹೇಳುವವನಲ್ಲ. ಆದರೆ ಅದನ್ನು ಬಿಟ್ಟರೆ ಮುಂದೆ ಏನು ಹೇಳಬೇಕೆಂದು ತೋಚಲಿಲ್ಲ. ನಾನು ಬರೆದುಕೊಂಡು ಬಂದದ್ದೆಲ್ಲ ಬೇರೆಯೇ ಮಾತು, ಎಲ್ಲರೂ ಹೇಳುವ ಮಾತು.

ಆಗ ಪಂಡಿತರು ತಲೆ ಎತ್ತದೆಯೇ ಹೇಳಿದರು. ಮೆಲ್ಲಗೆ ಹೇಳಿದರೂ ಕಡೆಯ ಬೆಂಚಿನ ತನಕ ಕೇಳಿಸಿತು.

"ಮುಂದಕ್ಕೆ ಹೇಳಿ, ಮೇಷ್ಟ್ರೇ."

ಎಡಗೈಯಲ್ಲಿ ಏನೂ ಇರಲಿಲ್ಲ. ನಡುವಿನ ಸಾಲಿನಲ್ಲಿ ಒಬ್ಬಳು ಹುಡುಗಿ ಕೈ ಎತ್ತಿದ್ದಳು, ಎಂದು ಶುರು ಮಾಡಿದೆ.